ಲೇಬಲ್ ಇಲ್ಲದ ಖಾನೆ

"ಎಲ್ಲರೂ ಬಳಸಬಲ್ಲಂಥ ತಂತ್ರಾಂಶ ಮಾಡುವುದನ್ನು ಕಂಪ್ಯೂಟರ್ ಸೈನ್ಸ್ ಪದವಿಯಲ್ಲೇ ಕಲಿಸಬೇಕೆಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಇರುವ ಸಿಲಬಸ್ಸೇ ಮುಗಿಯುವುದಿಲ್ಲ. ಹನ್ನೆರಡು ವರ್ಷದಲ್ಲಿ ಒಬ್ಬ ಅಂಧ ವಿದ್ಯಾರ್ಥಿಯೂ ನನ್ನ ತರಗತಿಗೆ ಬಂದಿಲ್ಲ. ಹೊಸ ಪೇಪರ್ ಯಾರಿಗಾಗಿ?"
– ಬಿಸಿಎ ಉಪನ್ಯಾಸಕರು, ಶಿರಸಿ

ಮಾನ್ಯರೇ,

ಸಿಲಬಸ್ ಮುಗಿಯದ ನಿಮ್ಮ ಸಂಕಟ ನಿಜ. ಹೊಸ ಪೇಪರ್ ನನಗೂ ಬೇಡ. ಕೊನೆಯ ಸೆಮಿಸ್ಟರಿನಲ್ಲಿ ಐಚ್ಛಿಕ ವಿಷಯವಾಗಿಟ್ಟರೆ ಹುಡುಗರು ನೋಟ್ಸ್ ಉರುಹೊಡೆದು ಬರೆದು ಬರುತ್ತಾರೆ. ಈಗಿರುವ ಪಾಠದೊಳಗೇ ಇದು ಸೇರಬೇಕು ಅನ್ನುವುದಷ್ಟೇ ನನ್ನ ಮಾತು.

ವೆಬ್ ಲ್ಯಾಬಿನಲ್ಲಿ ಎಚ್‌ಟಿಎಂಎಲ್ ಫಾರ್ಮ್ (ವೆಬ್ ಪುಟದ ಅರ್ಜಿ) ಮಾಡಿಸುತ್ತೀರಲ್ಲ, ಪ್ರತಿ ಖಾನೆಗೂ ಅದು ಏತಕ್ಕೆಂದು ಹೇಳುವ ಲೇಬಲನ್ನು ಕೋಡಿನಲ್ಲಿ ಜೋಡಿಸಲು ಅಲ್ಲೇ ಹೇಳಿ. ಅದಿಲ್ಲದಿದ್ದರೆ ಸ್ಕ್ರೀನ್ ರೀಡರ್, ಅಂದರೆ ಪರದೆಯ ಮೇಲಿರುವುದನ್ನು ಅಂಧರಿಗೆ ಓದಿ ಹೇಳುವ ತಂತ್ರಾಂಶ, 'ಎಡಿಟ್' ಎಂದು ಸುಮ್ಮನಾಗುತ್ತದೆ. ಅಲ್ಲಿ ಹೆಸರು ಬರೆಯಬೇಕೋ ಫೋನ್ ನಂಬರೋ, ಕೇಳುತ್ತಿರುವವರಿಗೆ ತಿಳಿಯುವುದಿಲ್ಲ. ಆಮೇಲೆ ಮೌಸ್ ಕಿತ್ತಿಟ್ಟು ಬರೀ ಕೀಬೋರ್ಡಿನಲ್ಲಿ ಫಾರ್ಮ್ ತುಂಬಿಸಿ. ಎಲ್ಲಿ ಸಿಕ್ಕಿಕೊಳ್ಳುತ್ತಾರೋ ಅಲ್ಲಿ ಕೋಡ್ ತಪ್ಪಿದೆ. ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಉಚಿತವಾಗಿ ಸಿಗುತ್ತದೆ, ಕನ್ನಡವನ್ನೂ ಓದುತ್ತದೆ. ಆಸ್ಟ್ರೇಲಿಯಾದ ಮೈಕೆಲ್ ಕರನ್ 2006ರಲ್ಲಿ ಅದನ್ನು ಶುರುಮಾಡಿದರು, ಅವರೂ ಅಂಧರೇ.

ಎಲ್ಲ ಭಾಷೆಯ ಅಕ್ಷರಗಳಿಗೂ ಅದರದರದೇ ಸಂಕೇತ ಕೊಡುವ ಯುನಿಕೋಡ್‌ನ ಪಾಠ ಬಂದಾಗಲಂತೂ ನಮ್ಮ ಪತ್ರಿಕೆಯನ್ನೇ ಉದಾಹರಣೆ ಕೊಡಿ. ಯುನಿಕೋಡ್‌ಗಿಂತ ಹಿಂದಿನ ಫಾಂಟುಗಳಲ್ಲಿ ಟೈಪಾದದ್ದು ಕಣ್ಣಿಗೆ ಕನ್ನಡ, ಯಂತ್ರಕ್ಕೆ ಇಂಗ್ಲಿಷ್ ಅಕ್ಷರ–ಚಿಹ್ನೆಗಳ ಕಲಸುಮೇಲೋಗರ. ನಮ್ಮ ಹಳೆಯ ಪಿಡಿಎಫ್‌ಗಳೆಲ್ಲ ಹಾಗೇ ಇದ್ದವು. ಕುಮಟೆಯ ಅಂಧ ಓದುಗರೊಬ್ಬರು ಫೋನ್ ಮಾಡಿ, ತಮ್ಮ ಕಂಪ್ಯೂಟರ್ ನಮ್ಮ ಸಂಪಾದಕೀಯವನ್ನು ಓದುವ ಪರಿಯನ್ನು ಕೇಳಿಸಿದರು. ಒಂದು ಪದವೂ ಕನ್ನಡವಾಗಿರಲಿಲ್ಲ. ಅಂದಿನಿಂದ ಒಂದು ಪುಟವನ್ನೂ ಯುನಿಕೋಡ್ ಬಿಟ್ಟು ಬೇರೆಯದರಲ್ಲಿ ಹಾಕಿಲ್ಲ.

ಇನ್ನು 'ಯಾರಿಗಾಗಿ' ಎಂಬ ಮಾತು. ಪ್ರವೇಶದ ಅರ್ಜಿಯನ್ನೇ ಓದಲಾಗದವರು ತರಗತಿಗೆ ಬರುವುದು ಹೇಗೆ? ಅದಲ್ಲದೆ, ಇದು ಅಂಧರದಷ್ಟೇ ಪ್ರಶ್ನೆಯಲ್ಲ. ನಮ್ಮ ಆಯಿ ಐವತ್ತು ವರ್ಷ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿದವಳು. ಚೊಗರು ಹತ್ತಿ ಕಪ್ಪಾದ, ಗೆರೆ ಸವೆದ ಬೆರಳು. ರೇಷನ್ ತರಲು ಹೋದಾಗ ಬೆರಳಚ್ಚಿನ ಯಂತ್ರ ಮೂರು ಸಲವೂ ಒಪ್ಪಲಿಲ್ಲ. ತನ್ನದೇನೋ ತಪ್ಪಾಗಿದೆ ಎಂಬಂತೆ ಸೆರಗಿಗೆ ಬೆರಳು ಒರೆಸಿಕೊಳ್ಳುತ್ತ ನಿಂತಿದ್ದಳು. ಅದನ್ನು ನಾನು ಮರೆತಿಲ್ಲ. ಭಟ್ಕಳ, ಹೊನ್ನಾವರದ ಕಡೆ ಎಂಡೋಸಲ್ಫಾನ್ ಕೀಟನಾಶಕಕ್ಕೆ ತುತ್ತಾದ ಮಕ್ಕಳಿರುವ ಮನೆಗಳ ಸ್ಥಿತಿಯೂ ನಿಮಗೆ ಗೊತ್ತಿದೆ. ನಮ್ಮ ಜಿಲ್ಲೆಯಲ್ಲಿದ್ದುಕೊಂಡು ನಾವು ಈ ಪ್ರಶ್ನೆ ಕೇಳಬಾರದು ಸರ್.

ಆಸಿಡ್ ದಾಳಿಗೊಳಗಾದವರು ಮತ್ತು ಅಂಧರೊಬ್ಬರು ಇ–ಕೆವೈಸಿ (ಬ್ಯಾಂಕು ಮುಂತಾದವು ಆನ್‌ಲೈನಿನಲ್ಲಿ ಗುರುತು ಪರಿಶೀಲಿಸುವ ಕ್ರಮ) ವಿಚಾರವಾಗಿ ಸುಪ್ರೀಂ ಕೋರ್ಟಿಗೆ ಹೋಗಿದ್ದರು. ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಿ ಎನ್ನುತ್ತದೆ ಆ ತಂತ್ರಾಂಶ, ಅವರಿಂದ ಆಗುವುದಿಲ್ಲ. ಡಿಜಿಟಲ್ ಸೇವೆ ಎಲ್ಲರಿಗೂ ದಕ್ಕುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗವೆಂದು 2025ರ ಏಪ್ರಿಲ್ 30ರಂದು ಕೋರ್ಟು ಹೇಳಿತು. 'ಮಿಟುಕಿಸಿ' ಎಂಬ ಆ ಸಾಲನ್ನು ಬರೆದವರೂ ಯಾವುದೋ ಲ್ಯಾಬಿನಲ್ಲಿ ಕಲಿತವರೇ. ಮಿಟುಕಿಸಲಾಗದವರು ಏನು ಮಾಡಬೇಕು ಎಂದು ಅಲ್ಲೇ ಒಬ್ಬ ಮೇಷ್ಟ್ರು ಕೇಳಿದ್ದರೆ?

ಇಂಟರ್ನಲ್ಸ್ ಅಂಕ ನಿಮ್ಮ ಕೈಯಲ್ಲಿದೆ. ಪ್ರಾಜೆಕ್ಟು ಕೀಬೋರ್ಡಿನಲ್ಲಿ, ಸ್ಕ್ರೀನ್ ರೀಡರಿನಲ್ಲಿ ನಡೆಯದಿದ್ದರೆ ಪೂರ್ತಿ ಅಂಕ ಕೊಡಬೇಡಿ. ಹುಡುಗರ ಕಣ್ಣಿಗೆ ಬಟ್ಟೆ ಕಟ್ಟಿ ಕಂಪ್ಯೂಟರ್ ಮುಂದೆ ಕೂರಿಸುವ ಪ್ರಯೋಗವನ್ನು ಮಾತ್ರ ದಯವಿಟ್ಟು ಮಾಡಬೇಡಿ. ಹತ್ತು ನಿಮಿಷ ತಡಕಾಡಿದವರಿಗೆ ಅಯ್ಯೋ ಪಾಪ ಅನ್ನಿಸುತ್ತದೆ. ವರ್ಷಗಟ್ಟಲೆ ಬಳಸಿದವರ ಚುರುಕು ಕಾಣುವುದೇ ಇಲ್ಲ. ಅದಕ್ಕಿಂತ ಬಳಸುವವರನ್ನೇ ಕರೆಸಿ.

ಕುಮಟೆಯ ಆ ಓದುಗರನ್ನು ಕೇಳಿದ್ದೇನೆ, ಘಟ್ಟ ಹತ್ತಿ ಬರಲು ಒಪ್ಪಿದ್ದಾರೆ. ಪರಿಣತರಾಗಿ ಬರುತ್ತಿರುವುದರಿಂದ ಬಸ್ ಚಾರ್ಜಿನ ಜೊತೆ ಗೌರವಧನವನ್ನೂ ಕಾಲೇಜು ಕೊಡಲಿ. ಯಾವ ಶನಿವಾರ ಲ್ಯಾಬ್ ಬಿಡುವಿರುತ್ತದೆ, ತಿಳಿಸಿ.

– ಸಂ.