ಪಂಗಡದ ಜಗಳ ಬೇರೆ, ಕಾಣಿಕೆಯ ಲೆಕ್ಕ ಬೇರೆ

ಪ್ರಶ್ನೆ: ಅಮೆರಿಕದ ಕೊಲರಾಡೋ ಸ್ಪ್ರಿಂಗ್ಸ್‌ನಲ್ಲಿ ಆಂಗ್ಲಿಕನ್ (ಇಂಗ್ಲೆಂಡಿನ ಚರ್ಚಿನಿಂದ ಬೆಳೆದ ಕ್ರೈಸ್ತ ಪಂಗಡ) ಪಾದ್ರಿಯೊಬ್ಬರ ಮೇಲೆ ಚರ್ಚಿನ ಹಣ ದುರುಪಯೋಗದ ಆರೋಪ ಬಂದಾಗ, ‘ಸಲಿಂಗ ಸಂಬಂಧದ ವಿಷಯದಲ್ಲಿ ಬಿಷಪರನ್ನು ಎದುರು ಹಾಕಿಕೊಂಡದ್ದಕ್ಕೇ ಈ ಸೇಡು’ ಎಂದು ಅವರ ಕಡೆಯವರು ಹೇಳಿದ್ದನ್ನು ಓದಿದೆ. ಇಂಥದ್ದರಲ್ಲಿ ಯಾರ ಮಾತು ನಂಬುವುದು? ನಮ್ಮ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯ ಖಜಾಂಚಿ ಕೆಲಸ ಈ ವರ್ಷ ನನ್ನ ಹೆಗಲಿಗೆ ಬಿದ್ದಿದೆ, ಅದಕ್ಕೇ ಕೇಳುತ್ತಿದ್ದೇನೆ.
– ಓದುಗರು, ಧಾರವಾಡ

ಉತ್ತರ: ಯಾರ ಮಾತನ್ನೂ ನಂಬುವ ಮೊದಲು ತಾರೀಖುಗಳನ್ನು ಜೋಡಿಸಿ ನೋಡಿ. ಸಲಿಂಗ ಸಂಗಾತಿಯೊಂದಿಗೆ ಬಹಿರಂಗವಾಗಿ ಬಾಳುತ್ತಿದ್ದ ಜೀನ್ ರಾಬಿನ್ಸನ್ 2003ರಲ್ಲಿ ನ್ಯೂ ಹ್ಯಾಂಪ್‌ಶೈರಿನ ಬಿಷಪ್ ಆಗಿ ಅಭಿಷಿಕ್ತರಾದರು. ಆಂಗ್ಲಿಕನ್ನರ ಅಮೆರಿಕನ್ ಶಾಖೆಯಾದ ಎಪಿಸ್ಕೋಪಲ್ ಚರ್ಚಿನ ಬಿರುಕು ದೊಡ್ಡದಾಗಿದ್ದು ಆಗ. ನೀವು ಹೇಳಿದ ಪಾದ್ರಿಯನ್ನು ಬಿಷಪರು ಹಣದ ತನಿಖೆಗಾಗಿ ಸೇವೆಯಿಂದ ದೂರವಿಟ್ಟದ್ದು 2006ರ ಕೊನೆಗೆ. ಸಭೆಯ ಆಡಳಿತ ಮಂಡಳಿ, ಅಲ್ಲಿನವರ ಮಾತಿನಲ್ಲಿ ವೆಸ್ಟ್ರಿ, ಎಪಿಸ್ಕೋಪಲ್ ಚರ್ಚು ಬಿಟ್ಟು ಸಂಪ್ರದಾಯವಾದಿ ನೈಜೀರಿಯಾ ಆಂಗ್ಲಿಕನ್ ಚರ್ಚಿನ ಅಮೆರಿಕದ ಘಟಕಕ್ಕೆ ಸೇರಲು ತೀರ್ಮಾನಿಸಿದ್ದು 2007ರ ಮಾರ್ಚಿನಲ್ಲಿ. ತನಿಖೆ ಮೊದಲು, ಹೊರನಡೆದದ್ದು ಆಮೇಲೆ. ಇಷ್ಟರಿಂದಲೇ ಸೇಡಿನ ವಾದ ಬಿದ್ದುಹೋಗದು. ಭಿನ್ನಮತ ಅದಕ್ಕಿಂತ ಹಳೆಯದು. ಆದರೆ ಬಿಷಪರ ಮನಸ್ಸಿನಲ್ಲಿ ಏನೇ ಇರಲಿ, ಚೆಕ್ಕಿನ ಮೇಲಿನ ಹೆಸರು, ಮೊತ್ತ ಬದಲಾಗುವುದಿಲ್ಲ.

ಮುಖ್ಯ ಆರೋಪ ಇದು: ಪಾದ್ರಿ ತರಬೇತಿ ಪಡೆಯುವವರಿಗೆಂದು ಇಟ್ಟಿದ್ದ ಟ್ರಸ್ಟಿನ ಹಣ ಆ ಪಾದ್ರಿಯ ಸ್ವಂತ ಮಕ್ಕಳ ಕಾಲೇಜು ಖರ್ಚಿಗೆ ಹೋಯಿತು. ‘ವೆಸ್ಟ್ರಿಗೆ ಗೊತ್ತಿತ್ತು, ಅದು ಸಂಬಳದ ಭಾಗ’ ಎಂಬುದು ಪ್ರತಿವಾದ. ಇಲ್ಲಿ ಮೂರು ಕಾಗದ ಕೇಳಬೇಕು. ದಾನಪತ್ರದಲ್ಲಿ ಉದ್ದೇಶ ಏನೆಂದು ಬರೆದಿದೆ? ಒಪ್ಪಿಗೆ ಕೊಟ್ಟ ವೆಸ್ಟ್ರಿಯ ನಡಾವಳಿ ಪುಸ್ತಕದಲ್ಲಿ ಆ ನಿರ್ಣಯ ಇದೆಯೇ? ಸಂಬಳವೇ ಆಗಿದ್ದರೆ ತೆರಿಗೆ ಫಾರ್ಮಿನಲ್ಲಿ ಆದಾಯವೆಂದು ಕಾಣಿಸಿದ್ದಾರೆಯೇ? ಎರಡನೆಯದಕ್ಕೆ ಹೌದು ಎಂದರೂ ಮೊದಲನೆಯದು ಬಗೆಹರಿಯುವುದಿಲ್ಲ. ದಾನಿ ಕಟ್ಟಿದ ಷರತ್ತನ್ನು ಕೈಯೆತ್ತಿ ಬದಲಿಸುವ ಅಧಿಕಾರ ಕಮಿಟಿಗಿಲ್ಲ.

2009ರಲ್ಲಿ ಗ್ರ್ಯಾಂಡ್ ಜ್ಯೂರಿ (ಮೊಕದ್ದಮೆ ಹೂಡಬೇಕೇ ಎಂದು ತೀರ್ಮಾನಿಸುವ ನಾಗರಿಕರ ಮಂಡಳಿ) ಕಳ್ಳತನದ 20 ಆಪಾದನೆ ಹೊರಿಸಿತು. 2010ರಲ್ಲಿ ಪಾದ್ರಿ ತಪ್ಪೊಪ್ಪಿಕೊಳ್ಳದೆ, ಆಪಾದನೆಯನ್ನು ಎದುರಿಸುವುದಿಲ್ಲ ಎಂದಷ್ಟೇ ಹೇಳಿ ರಾಜಿಗೆ ಬಂದರು. 2011ರಲ್ಲಿ ಪ್ರೊಬೇಷನ್ (ಜೈಲಿನ ಬದಲು ನಿಗಾ) ಮತ್ತು ಹಣ ಮರುಪಾವತಿಯ ಆದೇಶವಾಯಿತು. ಹೊರನಡೆದ ಮೇಲೆ ಚರ್ಚ್ ಕಟ್ಟಡ ಯಾರದು ಎಂಬ ದಾವೆ ಇದಕ್ಕೆ ಪೂರ್ತಿ ಬೇರೆ. ಸಭೆಯ ಆಸ್ತಿಯೆಲ್ಲ ಮಾತೃಚರ್ಚಿನ ಪರವಾಗಿ ಟ್ರಸ್ಟಿನಲ್ಲಿದೆ ಎಂದು 1979ರಲ್ಲೇ ಎಪಿಸ್ಕೋಪಲ್ ಚರ್ಚು ನಿಯಮ ಮಾಡಿತ್ತು. 2009ರಲ್ಲಿ ಕಟ್ಟಡ ಡಯಾಸಿಸ್ಸಿಗೇ (ಬಿಷಪರ ಆಡಳಿತ ವಲಯಕ್ಕೇ) ಹೋಯಿತು.

ಸಂಪ್ರದಾಯವಾದಿಗಳೇ ಹಣ ತಿನ್ನುತ್ತಾರೆ ಎಂದೇನೂ ಅಲ್ಲ. ಅದೇ ಎಪಿಸ್ಕೋಪಲ್ ಚರ್ಚಿನ ಕೇಂದ್ರ ಖಜಾಂಚಿ 1990ರ ದಶಕದ ಮೊದಲರ್ಧದಲ್ಲಿ ಸುಮಾರು 22 ಲಕ್ಷ ಡಾಲರ್ ಎತ್ತಿದ್ದರು, 1996ರಲ್ಲಿ 5 ವರ್ಷ ಜೈಲು ಶಿಕ್ಷೆಯಾಯಿತು. ಅಲ್ಲಿ ಬೈಬಲ್ ವ್ಯಾಖ್ಯಾನದ ಜಗಳವೇ ಇರಲಿಲ್ಲ. ಹಣದ ಮೇಲೆ ಒಬ್ಬರ ಕೈಗೇ ಅತಿಯಾದ ಹಿಡಿತ ಸಿಕ್ಕಿತ್ತು, ಅಷ್ಟೆ.

ಈಗ ನಿಮ್ಮ ಪೆಟ್ಟಿಗೆ. ಕಾಣಿಕೆಯನ್ನು ಅದೇ ಭಾನುವಾರ, ಒಂದೇ ಮನೆಯವರಲ್ಲದ ಇಬ್ಬರು ಎಣಿಸಿ ಸಹಿ ಹಾಕಲಿ. ಪೂರ್ತಿ ಮೊತ್ತ ಬ್ಯಾಂಕಿಗೆ ಹೋಗಲಿ. ಹೂವಿನವನಿಗೆ, ಎಲೆಕ್ಟ್ರಿಷಿಯನ್‌ಗೆ ಪೆಟ್ಟಿಗೆಯಿಂದಲೇ ಕೊಟ್ಟರೆ ಆ ಖರ್ಚು ಯಾವ ಪುಸ್ತಕದಲ್ಲೂ ಸಿಗುವುದಿಲ್ಲ. ಚೆಕ್ಕಿಗೆ ಎರಡು ಸಹಿ, ಆದರೆ ಊರಿಗೆ ಹೋಗುವವರು ಖಾಲಿ ಚೆಕ್ಕಿಗೆ ಸಹಿ ಹಾಕಿಟ್ಟರೆ ಎರಡನೆಯದು ನಾಟಕ. ಬ್ಯಾಂಕ್ ಸ್ಟೇಟ್‌ಮೆಂಟನ್ನು ಚೆಕ್ ಬರೆಯದ ಒಬ್ಬರು ತಿಂಗಳಿಗೊಮ್ಮೆ ತಾಳೆ ನೋಡಲಿ.

ಹೆಚ್ಚು ಎಡವುವುದು ಷರತ್ತಿನ ನಿಧಿಗಳಲ್ಲಿ. ಶಾಲಾ ಫೀಸಿನ ನಿಧಿಯ ಬಡ್ಡಿ ಸಾಮಾನ್ಯ ಖಾತೆಗೆ ಸೇರುತ್ತದೆ, ಕಷ್ಟದ ತಿಂಗಳು ಅದರಿಂದಲೇ ಸಂಬಳ ಕೊಡುತ್ತಾರೆ, ‘ಆಮೇಲೆ ತುಂಬಿಸೋಣ’ ಎನ್ನುತ್ತಾರೆ. ಪ್ರತಿ ನಿಧಿಗೆ ಒಂದು ಪುಟ ತೆರೆಯಿರಿ: ಕೊಟ್ಟವರು, ತಾರೀಖು, ಷರತ್ತು, ಅಸಲು ಮುಟ್ಟಬಹುದೇ, ಬಡ್ಡಿ ಯಾರಿಗೆ. ವಿದೇಶಿ ದೇಣಿಗೆಯನ್ನಂತೂ ಸಭೆಯ ಖಾತೆಗೆ ಹಾಕಿಸಿಕೊಳ್ಳಲೇಬೇಡಿ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) 2020ರ ತಿದ್ದುಪಡಿಯ ಪ್ರಕಾರ ಅದು ನೋಂದಾಯಿತ ಸಂಸ್ಥೆಯ, ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಆಡಳಿತ ವೆಚ್ಚ 20% ಮೀರುವಂತಿಲ್ಲ, ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ.

ಲೆಕ್ಕದಲ್ಲಿ ಏನಾದರೂ ತಾಳೆಯಾಗದಿದ್ದರೆ ವೋಚರಿನ ಸಂಖ್ಯೆ, ತಾರೀಖು ಬರೆದು ಪ್ಯಾಸ್ಟರೇಟ್ ಕಮಿಟಿಗೆ (ನಿಮ್ಮ ಸಭೆಯ ಆಡಳಿತ ಸಮಿತಿಗೆ) ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ, ಪ್ರತಿಯೊಂದು ನಿಮ್ಮಲ್ಲಿರಲಿ. ಆರಾಧನೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಹೆಸರು ಹಿಡಿದು ಮಾತಾಡಬೇಡಿ. ಸಭಾಪಾಲಕರ ಬೋಧನೆ ಹಿಡಿಸದ ಗುಂಪು ಅಂದೇ ನಿಮ್ಮ ಪಕ್ಕ ಬಂದು ನಿಲ್ಲುತ್ತದೆ, ಮರುದಿನದಿಂದ ನಿಮ್ಮ ವೋಚರನ್ನು ಯಾರೂ ಓದುವುದಿಲ್ಲ.