ಪ್ರತಿಕ್ರಿಯೆ: ಅಧ್ಯಕ್ಷರನ್ನು ರೇಡಿಯೋ, ಟಿವಿಗೆ ತಯಾರು ಮಾಡೋದು ಹೇಗೆ?

ನಿಮ್ಮ ಕೆರೆ ಸಂಘದ ಅಧ್ಯಕ್ಷರಿಗೆ ಒಂದೇ ವಾರದಲ್ಲಿ ಆಕಾಶವಾಣಿ ಸಂದರ್ಶನ, ಟಿವಿ ಚರ್ಚೆ ಎರಡೂ ಇದೆ, ಏನು ಹೇಳಿಕೊಡಲಿ ಅಂತ ಕೇಳಿದ್ದೀರಿ. ಮೊದಲು ಮಾತು ಕಡಿಮೆ ಮಾಡಿಸಿ. ಟಿವಿ ಸುದ್ದಿಯಲ್ಲಿ ಒಂದು ಬೈಟ್ (ಹೇಳಿದ್ದರಲ್ಲಿ ಕತ್ತರಿಸಿ ತೋರಿಸುವ ಮಾತಿನ ತುಣುಕು) ಉಳಿಯುವುದು ಸಾಮಾನ್ಯವಾಗಿ 15-20 ಸೆಕೆಂಡ್. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಅವರಿಗೇ ಕೇಳಿಸಿ. "ಎಲ್ಲರಿಗೂ ನಮಸ್ಕಾರ, ನಮ್ಮ ಸಂಘ ಶುರುವಾಗಿದ್ದು..." ಅನ್ನುವಷ್ಟರಲ್ಲಿ ಅರ್ಧ ಹೊತ್ತು ಹೋಗಿರುತ್ತದೆ. "ಕೆರೆಗೆ ಕೊಳಚೆ ನೀರು ಬರೋದು ನಿಲ್ಲಬೇಕು" ಅಂತ ನೇರವಾಗಿ ಶುರು ಮಾಡಲಿ.

ಕೆಣಕುವ ಪ್ರಶ್ನೆಗಳನ್ನು ನೀವೇ ಕೇಳಿ ಅಭ್ಯಾಸ ಮಾಡಿಸಿ. "ದುಡ್ಡು ತಿಂದಿದ್ದೀರಂತೆ?" ಅಂದರೆ "ನಾವು ದುಡ್ಡು ತಿಂದಿಲ್ಲ" ಅನ್ನಬಾರದು. ಜನರ ಕಿವಿಯಲ್ಲಿ ಉಳಿಯೋದು ಆ ದುಡ್ಡೇ, ಅಲ್ವಾ? "ಲೆಕ್ಕ ಆಡಿಟ್ ಆಗಿದೆ, ಯಾರು ಬೇಕಾದರೂ ನೋಡಬಹುದು" ಸಾಕು. (ಆಗಿದ್ದರೆ ಮಾತ್ರ! ಸುಮ್ನೆ ಹೇಳಿಸಬೇಡಿ.)

ರೇಡಿಯೋಗೆ ಪಿನ್ ಹೊಡೆದ ಹಾಳೆಗಳು ಬೇಡ, ಮಗುಚುವ ಸರಸರ ಸದ್ದು ಮೈಕಿಗೆ ಸಿಗುತ್ತದೆ. ಬಿಡಿ ಹಾಳೆ ಒಂದಿರಲಿ. ಟಿವಿಗೆ ಸಣ್ಣ ಗೆರೆಯ ಶರ್ಟ್ ಬೇಡ, ಕ್ಯಾಮೆರಾದಲ್ಲಿ ಗೆರೆಗಳು ಅಲೆಅಲೆಯಾಗಿ ಕುಣಿಯುತ್ತವೆ. ಹಸಿರು ಶಾಲು ಹೊದೆಯುವವರಾದರೆ ಸ್ಟುಡಿಯೋದವರನ್ನು ಮೊದಲೇ ಕೇಳಿ. ಹಿಂದೆ ಹಸಿರು ಪರದೆ ಇದ್ದರೆ ಹಸಿರು ಕಂಡಲ್ಲೆಲ್ಲ ಬೇರೆ ಚಿತ್ರ ಕೂರಿಸುತ್ತಾರೆ, ಆಗ ಶಾಲೇ ಮಾಯವಾಗುತ್ತದೆ.