ಮೇ ತಿಂಗಳಲ್ಲಿ ಅಂಡಮಾನ್‌ಗೆ ಹೋಗಬಹುದಾ? ಬಿಸಿಲು ತಡೆಯೋಕಾಗುತ್ತಾ?

ಪ್ರಶ್ನೆ: ನಾವು ಡೊಂಬಿವಲಿಯಲ್ಲಿದ್ದೇವೆ. ಪ್ರತಿ ಮೇ ರಜೆಯಲ್ಲೂ ಊರಿಗೇ ಹೋಗುವುದು. ಈ ಸಲ ಅಂಡಮಾನ್ ಅಂದುಕೊಂಡಿದ್ದೇವೆ. ಇಬ್ಬರು ಮಕ್ಕಳು, ಜೊತೆಗೆ ಅತ್ತೆ. ತಿಂಗಳ ಕೊನೆಯ ವಾರ ಪ್ಯಾಕೇಜ್ ಅಗ್ಗಕ್ಕೆ ಸಿಗುತ್ತಿದೆ. ಬಿಸಿಲಿಗೆ ಏನು ತಯಾರಿ ಬೇಕು?

ಉತ್ತರ:

ಬಿಸಿಲಿನ ಮಾತು ಆಮೇಲೆ. ಮೊದಲು ತಾರೀಖು ಬದಲಿಸಿ. ಶಾಲೆಗೆ ರಜೆ ಸಿಕ್ಕ ಕೂಡಲೇ ಹೊರಟು ಮೇ 10ರ ಒಳಗೆ ವಾಪಸ್ ಬರುವ ಹಾಗೆ ನೋಡಿಕೊಳ್ಳಿ. ಕೊನೆಯ ವಾರದ ಪ್ಯಾಕೇಜ್ ಸುಮ್ನೆ ಅಗ್ಗ ಆಗಿಲ್ಲ.

ಮುಂಬೈಯಲ್ಲಿರುವ ನಮಗೆಲ್ಲ ಮಳೆ ಅಂದರೆ ಜೂನ್ ಎರಡನೇ ವಾರದ ಲೆಕ್ಕ. ಆದರೆ ಮುಂಗಾರು ದೇಶದೊಳಗೆ ಕಾಲಿಡುವುದೇ ಅಂಡಮಾನ್ ಕಡೆಯಿಂದ. ಹವಾಮಾನ ಇಲಾಖೆ ಹೇಳುವ ವಾಡಿಕೆಯ ದಿನ ಮುಂಬೈಗೆ ಜೂನ್ 11, ಕೇರಳಕ್ಕೆ ಜೂನ್ 1. ಅಂಡಮಾನ್ ಸಮುದ್ರಕ್ಕೆ ಮೇ ಮೂರನೇ ವಾರದ ಹೊತ್ತಿಗೇ ಬಂದಿರುತ್ತದೆ. 2025ರಲ್ಲಂತೂ ಮೇ 13ಕ್ಕೇ ಅಲ್ಲಿಗೆ ಬಂತು. ಅದೇ ವರ್ಷ ಮೇ 26ಕ್ಕೆ ಮುಂಬೈಗೂ ಬಂದು ಎಲ್ಲರ ರಜೆ ಕೆಡಿಸಿತ್ತು, ನೆನಪಿರಬೇಕು ಅಲ್ವಾ?

ಮಳೆಯಲ್ಲಿ ನೆನೆದರೆ ಬಟ್ಟೆ ಒದ್ದೆ, ಅಷ್ಟೇ. ತೊಂದರೆ ಇರುವುದು ಸಮುದ್ರದಲ್ಲಿ. ಹ್ಯಾವ್‌ಲಾಕ್ ಮತ್ತು ನೀಲ್, ಅಂದರೆ ಈಗಿನ ಸ್ವರಾಜ್ ದ್ವೀಪ್ ಮತ್ತು ಶಹೀದ್ ದ್ವೀಪ್, ಇವೆರಡಕ್ಕೂ ನಮ್ಮಂಥವರು ಹೋಗುವುದು ಫೆರಿಯಲ್ಲೇ. ಅಲೆ ಜೋರಾದರೆ ಫೆರಿ ರದ್ದು. ಅದರ ಮೇಲೆ ಮೇ ಅಂದರೆ ಬಂಗಾಳ ಕೊಲ್ಲಿಯ ಚಂಡಮಾರುತದ ತಿಂಗಳು. 2020ರ ಅಂಫಾನ್, 2021ರ ಯಾಸ್, 2023ರ ಮೋಖಾ, 2024ರ ರೆಮಲ್, ಎಲ್ಲ ಮೇ ತಿಂಗಳವೇ. ಚಂಡಮಾರುತ ಬಂಗಾಳದಲ್ಲೋ ಮ್ಯಾನ್ಮಾರ್‌ನಲ್ಲೋ ದಡ ಮುಟ್ಟಬಹುದು. ಅದು ಹುಟ್ಟಿಕೊಳ್ಳುವ ದಿನಗಳಲ್ಲಿ ಅಂಡಮಾನ್ ಸುತ್ತಲಿನ ಸಮುದ್ರವೂ ಕೆರಳಿರುತ್ತದೆ.

ಹಾಗಾಗಿ ಪ್ಯಾಕೇಜ್‌ನಲ್ಲಿ ಒಂದೇ ಒಂದು ಸಾಲು ಹುಡುಕಿ ನೋಡಿ. ಕೊನೆಯ ರಾತ್ರಿ ಎಲ್ಲಿ? "ಹ್ಯಾವ್‌ಲಾಕ್, ಬೆಳಗಿನ ಫೆರಿ, ಮಧ್ಯಾಹ್ನದ ವಿಮಾನ" ಅಂತ ಇದ್ದರೆ ಒಪ್ಪಬೇಡಿ. ಫೆರಿ ತಪ್ಪಿದರೆ ವಿಮಾನವೂ ಹೋಯಿತು, ಮುಂದಿನ ಕನೆಕ್ಷನ್ನೂ ಹೋಯಿತು. ಕೊನೆಯ ರಾತ್ರಿ ಪೋರ್ಟ್ ಬ್ಲೇರ್‌ನಲ್ಲೇ ಉಳಿಯಿರಿ. 2024ರಿಂದ ಅದರ ಹೆಸರು ಶ್ರೀ ವಿಜಯಪುರಂ, ಬುಕ್ ಮಾಡುವಾಗ ಎರಡೂ ಹೆಸರು ಕಾಣಿಸಬಹುದು, ಗಾಬರಿ ಬೇಡ. ಸ್ಕೂಬಾ ಮಾಡುವ ಆಸೆ ಇದ್ದರೂ ಇದೇ ಒಳ್ಳೆಯದು. ನೀರಿನಾಳಕ್ಕೆ ಇಳಿದು ಬಂದ ಮೇಲೆ ವಿಮಾನ ಹತ್ತಲು ಒಂದು ಇಡೀ ದಿನ ಬಿಡುವುದು ಕ್ಷೇಮ.

ಈಗ ಬಿಸಿಲು. ಥರ್ಮಾಮೀಟರ್ ನೋಡಿದರೆ ಹೆದರುವಂಥದ್ದೇನೂ ಇಲ್ಲ. ಅಲ್ಲಿಯೂ 31–33 ಡಿಗ್ರಿಯ ಆಸುಪಾಸು, ಇಲ್ಲಿನದೇ ಹಸಿ ಸೆಖೆ. ಡೊಂಬಿವಲಿಯಿಂದ ಬೆಳಗಿನ ಫಾಸ್ಟ್ ಲೋಕಲ್ ಹತ್ತುವವರಿಗೆ ಬೆವರಿನ ಪಾಠ ಯಾರೂ ಹೇಳಬೇಕಿಲ್ಲ! ಬೇರೆಯಾಗಿರುವುದು ಗಡಿಯಾರ. ಅಂಡಮಾನ್ ಇರುವುದು ಮುಂಬೈಯಿಂದ ತುಂಬಾ ಪೂರ್ವಕ್ಕೆ. ಗಡಿಯಾರ ಮಾತ್ರ ಎರಡೂ ಕಡೆ ಒಂದೇ. ಮೇಯಲ್ಲಿ ಅಲ್ಲಿ ಬೆಳಗ್ಗೆ ಐದಕ್ಕೆಲ್ಲ ಸೂರ್ಯ ಹುಟ್ಟಿ, ಸಂಜೆ ಐದೂವರೆ ಸುಮಾರಿಗೆ ಮುಳುಗಿಬಿಡುತ್ತಾನೆ. ಜುಹುವಿನಲ್ಲಿ ಏಳಕ್ಕೆ ಸೂರ್ಯಾಸ್ತ ನೋಡಿದ ಅಭ್ಯಾಸದಲ್ಲಿ ಆರಕ್ಕೆ ಹ್ಯಾವ್‌ಲಾಕ್‌ನ ರಾಧಾನಗರ ಬೀಚಿಗೆ ಹೋದರೆ ಕಾಣುವುದು ಕತ್ತಲೆ.

ಇದೇ ಕಾರಣಕ್ಕೆ ಅಲ್ಲಿನ ಒಂಬತ್ತು ಗಂಟೆಯ ಬಿಸಿಲು ನಮ್ಮ ಹತ್ತೂಕಾಲರ ಬಿಸಿಲಿಗೆ ಸಮ. ಹೋಟೆಲಿನಲ್ಲಿ ನಿಧಾನವಾಗಿ ತಿಂಡಿ ತಿಂದು ಹತ್ತಕ್ಕೆ ಬೀಚಿಗೆ ಹೊರಟಿರೋ, ನೇರ ಬಾಣಲೆಗೇ ಇಳಿದ ಹಾಗೆ. ಐದೂವರೆಗೆ ಎದ್ದು ಸಮುದ್ರಕ್ಕೆ ಹೋಗಿ, ಎಂಟೂವರೆಗೆ ವಾಪಸ್ ಬಂದು ತಿಂಡಿ ತಿನ್ನಿ. ಮತ್ತೆ ಮೂರೂವರೆವರೆಗೆ ಒಳಗಿರಿ, ಊಟ ನಿದ್ದೆ ಎಲ್ಲ ಆಗಲಿ. ರಜೆಯಲ್ಲೂ ಬೇಗ ಏಳಬೇಕಾ ಅಂತ ಮಕ್ಕಳು ಗೊಣಗುತ್ತಾರೆ. ಮೊದಲ ದಿನ ಮಾತ್ರ.

ಇನ್ನೊಂದು ಸಂಗತಿ. ಏಪ್ರಿಲ್ ಕೊನೆಯ ಹೊತ್ತಿಗೆ ಅಲ್ಲಿ ನಡುಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ, ನಿಂತವರ ನೆರಳು ಕಾಲಡಿಗೇ ಬೀಳುತ್ತದೆ. ಮುಂಬೈಯಲ್ಲಿ ಇಂಥ ದಿನ ಬರುವುದು ಮೇ ಮಧ್ಯದಲ್ಲಿ. ಮೇ ಮೊದಲ ವಾರದಲ್ಲೂ ಅಲ್ಲಿ ಸೂರ್ಯ ಹೆಚ್ಚುಕಡಿಮೆ ನೆತ್ತಿಯಲ್ಲೇ. ಬಿಳಿ ಮರಳು, ನೀರು ಎರಡೂ ಬೆಳಕನ್ನು ಮೇಲಕ್ಕೆ ಎಸೆಯುತ್ತವೆ, ಹಾಗಾಗಿ ಕೊಡೆಯ ಕೆಳಗೆ ಕೂತರೂ ಮುಖ ಸುಡುತ್ತದೆ.

ಜಾಸ್ತಿ ಜನ ಏಮಾರುವುದು ಸ್ನಾರ್ಕೆಲಿಂಗ್‌ನಲ್ಲಿ. ಮುಖ ನೀರೊಳಗೆ, ಬೆನ್ನು ಬಿಸಿಲಿಗೆ. ನೀರು ತಂಪಾಗಿರುವುದರಿಂದ ಸುಡುತ್ತಿರುವುದೇ ತಿಳಿಯುವುದಿಲ್ಲ. ನನ್ನ ಭಾವ ಬರೀ ಚಡ್ಡಿಯಲ್ಲಿ ಇಳಿದು ಗಂಟೆಗಟ್ಟಲೆ ಮೀನು ನೋಡಿದರು. ರಾತ್ರಿ ಹೊತ್ತಿಗೆ ಬೆನ್ನು, ಮೊಣಕಾಲಿನ ಹಿಂಭಾಗ ಎಲ್ಲ ಕೆಂಪಗೆ. ವಾಪಸ್ ಬರುವಾಗ ವಿಮಾನದ ಸೀಟಿಗೆ ಒರಗಲೂ ಆಗದೆ ಕೋಲಿನ ಹಾಗೆ ನೆಟ್ಟಗೆ ಕೂತಿದ್ದರು. ಅಕ್ಕನಿಗೆ ನಗು ತಡೆಯಲಾಗಲಿಲ್ಲ. ಮಕ್ಕಳಿಗೆ ಈಜುವಾಗ ಹಾಕುವ ತುಂಬು ತೋಳಿನ ಟೀಶರ್ಟ್, ಮೊಣಕಾಲು ಮುಚ್ಚುವ ಚಡ್ಡಿ ಇಲ್ಲಿಂದಲೇ ಒಯ್ಯಿರಿ. ಉಳಿದ ಜಾಗಕ್ಕೆ ಸನ್‌ಸ್ಕ್ರೀನ್, ಎರಡು ಗಂಟೆಗೊಮ್ಮೆ, ನೀರಿನಿಂದ ಎದ್ದಾಗಲೆಲ್ಲ. ಜಿಂಕ್ ಆಕ್ಸೈಡ್ ಇರುವಂಥದ್ದು ತೆಗೆದುಕೊಳ್ಳಿ. ಆಕ್ಸಿಬೆಂಜೋನ್ ಎಂಬ ರಾಸಾಯನಿಕ ಇರುವಂಥದ್ದು ಹವಳಕ್ಕೆ ಹಾನಿ ಅಂತ ಹವಾಯಿಯಲ್ಲಿ 2021ರಿಂದ ಅದರ ಮಾರಾಟಕ್ಕೇ ನಿಷೇಧವಿದೆ. ಮೊಸಳೆ ಎಚ್ಚರಿಕೆಯ ಬೋರ್ಡ್ ಇರುವ ಕಡೆ ಮಾತ್ರ ಪಾದವನ್ನೂ ಅದ್ದಬೇಡಿ. ಬೋರ್ಡ್ ತಮಾಷೆಗೆ ಹಾಕಿದ್ದಲ್ಲ.

ಅತ್ತೆಯವರ ಬಗ್ಗೆ: ಬಿಪಿಗೆ ಮೂತ್ರ ಹೋಗುವ ಮಾತ್ರೆ ತಗೊಳ್ಳುತ್ತಿದ್ದರೆ ಹೊರಡುವ ಮೊದಲು ಡಾಕ್ಟರನ್ನು ಒಮ್ಮೆ ಕೇಳಿ. ಬೆವರು, ಮಾತ್ರೆ ಎರಡೂ ಸೇರಿ ಮೈಯಲ್ಲಿ ನೀರು ಬೇಗ ಇಳಿಯುತ್ತದೆ. ಫೆರಿ ಹತ್ತುವ ಮುನ್ನ ವಾಂತಿ ಆಗದ ಹಾಗೆ ಮಾತ್ರೆ, ಅದನ್ನೂ ಡಾಕ್ಟರನ್ನೇ ಕೇಳಿ. ಅತ್ತೆಗೆ ಬೀಚಿಗಿಂತ ಸೆಲ್ಯುಲರ್ ಜೈಲಿನ ಸಂಜೆಯ ಬೆಳಕು-ಧ್ವನಿ ಕಾರ್ಯಕ್ರಮ ಹಿಡಿಸೀತು, ಹೇಗೂ ಬಿಸಿಲು ಇಳಿದ ಮೇಲೆಯೇ ಅದು. ಊಟದ ಚಿಂತೆ ಬೇಡ, ಪೋರ್ಟ್ ಬ್ಲೇರ್‌ನಲ್ಲಿ ತಮಿಳರು ಬೇಕಾದಷ್ಟಿದ್ದಾರೆ, ಇಡ್ಲಿ ಸಾಂಬಾರು ಸಿಗುತ್ತದೆ.

ರಜೆ ಕೊನೆಯ ವಾರವೇ ಸಿಗುವುದು ಅಂತಾದರೆ ಅಂಡಮಾನ್ ಬಿಡಿ. ಲಕ್ಷದ್ವೀಪ, ಮಾಲ್ಡೀವ್ಸ್ ಕೂಡ ಆಗ ಮಳೆಯ ಬಾಗಿಲಲ್ಲೇ ಇರುತ್ತವೆ. ಪಾಸ್‌ಪೋರ್ಟ್ ಇದ್ದರೆ ಬಾಲಿ ನೋಡಿ, ಭೂಮಧ್ಯರೇಖೆಯ ಆಚೆ ಇರುವುದರಿಂದ ಅಲ್ಲಿ ಏಪ್ರಿಲ್‌ನಿಂದ ಒಣ ಹವೆ. ಕಡಿಮೆ ದೂರ ಬೇಕೆಂದರೆ ಶ್ರೀಲಂಕಾದ ಪೂರ್ವ ಕರಾವಳಿ. ಕೊಲಂಬೊ ಕಡೆ ಮಳೆ ಹೊಯ್ಯುವಾಗಲೂ ತ್ರಿಂಕೋಮಲಿಯಲ್ಲಿ ಸಮುದ್ರ ಶಾಂತವಾಗಿರುತ್ತದೆ. ಪಾಸ್‌ಪೋರ್ಟಿನ ಅವಧಿ ಇನ್ನೂ ಆರು ತಿಂಗಳಾದರೂ ಇರಬೇಕು, ಮಕ್ಕಳದ್ದು ಐದೇ ವರ್ಷಕ್ಕೆ ಮುಗಿಯುತ್ತದೆ, ಇವತ್ತೇ ತೆಗೆದು ನೋಡಿ.